ಕಬ್ಬಿನ ಹಂಗಾಮಿನ ಲಗ್ನ

ನನ್ನ ಗಂಡ ಪಾಸ್ಟರ್ ಪ್ರೇಮಕುಮಾರ ಬಂಗಾರದಂಥ ಮನುಷ್ಯ. ಆದರೆ ಅವರ ಪ್ರಸಂಗ ಕೇಳಿದರೆ ರಚ್ಚೆ ಹಿಡಿದ ಕೂಸೂ ನಿದ್ದೆ ಹೋಗುತ್ತಿತ್ತು! ಹುಮನಾಬಾದ ಹತ್ತಿರದ ನಮ್ಮ ಸಭೆಯವರೆಲ್ಲ ಕಬ್ಬು ಕಡಿಯುವ ಕೂಲಿಗಳು. ಅವರಿಗೆ ಇವರು ಪ್ರತಿ ರವಿವಾರ ಗ್ರೀಕ್ ಪದಗಳ ಅರ್ಥ ಬಿಡಿಸಿ ಹೇಳುತ್ತಿದ್ದರು.

ಒಂದು ಶನಿವಾರ ನಾನು ರೊಟ್ಟಿ ಬಡಿಯುತ್ತಿದ್ದಾಗ ಓಣಿಯ ಮುದುಕಿ ಸುಮನಬಾಯಿ ಬಂದಳು.

"ಅಕ್ಕೋರೆ, ಶುಕ್ರವಾರ ನಮ್ಮ ಮೊಮ್ಮಗಳು ಸಾಕ್ಷಿದು ಲಗ್ನ ಹಿಡದೀವ್ರಿ. ಪಾಸ್ಟರ್ ಸಾಹೇಬ್ರಿಗಿ ಹೇಳ್ರಿ."

ಸಾಕ್ಷಿ ಒಂಬತ್ತನೆಯ ತರಗತಿ. ಹದಿನೈದೂ ತುಂಬಿಲ್ಲ.

"ಇಷ್ಟ ಸಣ್ಣ ಪೋರಿಗಿ ಲಗ್ನ ಯಾಕ ಆಯಿ?"

"ಮಗ ಸೊಸಿ ಕಬ್ಬು ಕಡಿಲಾಕ ಹೋಗ್ತಾರ. ಬೆಳೆದ ಪೋರಿನ ಆರು ತಿಂಗಳು ಮನ್ಯಾಗ ಹ್ಯಾಂಗ ಬಿಡಬೇಕು? ನನಗೂ ಕಣ್ಣು ಕಾಣಲ್ಲ. ನಾ ಹದಿಮೂರಕ್ಕ ಲಗ್ನಾಗಿ ಬಂದೀನಿ, ಸತ್ತೀನೇನು?"

ಕೂಲಿಗಳ ಟೋಳಿ ಕಟ್ಟಿ ಕರೆದೊಯ್ಯುವ ಗುತ್ತಿಗೆದಾರ ಮುಕಾದಮನಿಗೂ ಗಂಡ ಹೆಂಡತಿಯ ಜೋಡಿಯೇ ಬೇಕು. ಹೀಗಾಗಿ ಪ್ರತಿ ವರ್ಷ ಸಕ್ಕರೆ ಕಾರ್ಖಾನೆ ಶುರುವಾಗುವ ಮುನ್ನ ಎರಡು ಮೂರು ಹುಡುಗಿಯರು ಶಾಲೆ ಬಿಟ್ಟು, ತಾಳಿ ಕಟ್ಟಿಸಿಕೊಂಡು ಟ್ರ್ಯಾಕ್ಟರ್ ಹತ್ತುತ್ತಿದ್ದರು. ವಯಸ್ಸಿನ ಕಾಗದ ಕೇಳದೆ ಆಶೀರ್ವಾದ ಮಾಡಿದವರು ನನ್ನ ಗಂಡ. ಲಗ್ನದ ಊಟ ಉಂಡವಳು ನಾನು. ಹಾಗೆ ಹೋದ ಆಮ್ರಪಾಲಿ ಹದಿನಾರಕ್ಕೇ ಕಬ್ಬಿನ ಹೊಲದಲ್ಲಿ ಹೆರಿಗೆಯಾಗಿ ತೀರಿಕೊಂಡಳು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಂದು ನಾನು ಗಂಡನಿಗೆ ನೇರವಾಗಿ ಹೇಳಿದೆ. "ಏನ್ರಿ, ಆ ಗ್ರೀಕ್ ಬಾಜೂಕ ಇಡ್ರಿ. ಈ ಮಂದಿಗಿ ಏನು ನೋವಾಗಾಕತ್ತದ, ಅದನ್ನ ಹೇಳ್ರಿ."

"ದೇವರ ವಾಕ್ಯದಾಗ ಕಬ್ಬು ಎಲ್ಲಿಂದ ತರಲಿ?" ಎಂದು ಸಿಡುಕಿದರು.

"ಕಬ್ಬು ಬ್ಯಾಡ. ಹೆಣ್ಣುಮಕ್ಕಳು ಎಲ್ಲಿ ಅದಾರ ಹುಡುಕ್ರಿ."

ಹುಡುಕಿದರು, ಪುಣ್ಯಾತ್ಮ! ಮರುದಿನ ಪ್ರಸಂಗದಲ್ಲಿ, ಸತ್ತಿದ್ದ ಹನ್ನೆರಡು ವರ್ಷದ ಹುಡುಗಿಯನ್ನು ಸ್ವಾಮಿ ಬದುಕಿಸಿ ಎಬ್ಬಿಸಿದ ದೇವರ ವಾಕ್ಯದ ಸಂಗತಿ ತೆಗೆದರು.

"ಎದ್ದ ಪೋರಿಗಿ ವರ ನೋಡ್ರಿ ಅಂದನೇನು ಸ್ವಾಮಿ? ಉಣ್ಣಲಾಕ ಕೊಡ್ರಿ ಅಂದ. ಆಮ್ರಪಾಲಿ ಲಗ್ನ ನಾನೇ ಮಾಡಿಸೀನಿ. ಆ ಪಾಪ ನಂದೂ ಅದ. ಇನ್ನ ಹದಿನೆಂಟು ತುಂಬದ ಪೋರಿ ಲಗ್ನ ನಾ ಮಾಡಂಗಿಲ್ಲ."

ಒಬ್ಬರೂ ತೂಕಡಿಸಲಿಲ್ಲ. ಸಾಕ್ಷಿಯ ತಂದೆ ಉತ್ತಮ ಎದ್ದು ನಿಂತ.

"ಮಾತು ಛಲೋ ಅದ ಸಾಹೇಬ್ರ. ನಾವು ಹೊಲದಾಗ ಇರ್ತೀವಿ. ನನ್ನ ಮಗಳನ್ನ ನಿಮ್ಮ ಪ್ರಸಂಗ ಕಾಯ್ತದೇನು?"

ನಾನೇ ಎದ್ದೆ. "ನಾ ಕಾಯ್ತೀನಿ. ನಮ್ಮ ಮನ್ಯಾಗ ಇದ್ದು ಸಾಲಿಗಿ ಹೋಗ್ಲಿ. ಆಯಿನೂ ಬರ್ಲಿ."

"ಎಲ್ಲಾರೂ ಪೋರಿಗೋಳ್ನ ಕಳಸ್ರಿ," ಎಂದರು ನನ್ನ ಗಂಡ. "ಈ ದೇವಾಲಯ ವಾರದಾಗ ಆರು ದಿನ ಖಾಲಿನೇ ಬಿದ್ದಿರ್ತದ."

ಮೂವತ್ತು ವರ್ಷದ ಸಂಸಾರದಲ್ಲಿ ಗಂಡನ ಬಗ್ಗೆ ಅಷ್ಟು ಹೆಮ್ಮೆ ನನಗೆಂದೂ ಆಗಿರಲಿಲ್ಲ.

ಸುಮನಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನವೇ ಎರಡು ಕೂಸು ಕಬ್ಬಿನ ಹೊಲದಾಗೇ ಮಣ್ಣು ಮಾಡಿ ಬಂದೀನಿ. ಇಷ್ಟು ವರ್ಷ ಯಾರ ಮುಂದೂ ಅಂದಿಲ್ಲ. ಉತ್ತಮಾ, ಕೊಡಂಬಲದ ಬೀಗರಿಗಿ ಫೋನ್ ಹಚ್ಚು."

ಉತ್ತಮ ಮಗಳ ಮುಖ ನೋಡಿ ಫೋನ್ ಹಚ್ಚಿದ. ಆಮೇಲೆ ಇಡೀ ಸಭೆಗೆ ಕೇಳುವಂತೆ ಅಲ್ಲಿಯೇ ನಿಂತು ಮಾತಾಡಿದ.

"ಬೀಗರ, ಲಗ್ನ ಇಲ್ರಿ. ಹೌದ್ರಿ, ಮಾತು ಕೊಟ್ಟಿದ್ದೆ. ತಪ್ಪಿದೆ ಅಂತ ಊರೆಲ್ಲಾ ಹೇಳ್ರಿ. ನನ್ನ ಮಗಳು ಸಾಲಿ ಕಲಿಯಾಕತ್ಯಾಳ, ಅದನ್ನೂ ಹೇಳ್ರಿ."