ಹುಳ ಬೀಳದ ಬದನೆ

ಪ್ರತಿಮಾ ಕೊಟ್ಟಿಗೆಯ ಸಗಣಿ ಬಾಚಿ ಬುಟ್ಟಿ ತುಂಬಿಸಿದ್ದಳಷ್ಟೆ, ಬೇಲಿಯಾಚೆಯಿಂದ ಪಕ್ಕದ ಮನೆ ರಕ್ಷಾಳ ಕೂಗು ಬಂತು.

“ಪ್ರತಿಮಕ್ಕಾ, ಸ್ವಲ್ಪ ಬನ್ನಿ ಮಾರಾಯ್ರೆ. ನೀವು ಕೊಟ್ಟ ಬೀಜದ ಬದನೆ ಇದು. ಎಂಥ ಅವತಾರ ನೋಡಿ!”

ರಕ್ಷಾಳ ಸೆರಗಿನಲ್ಲಿ ಒಂದಷ್ಟು ಬದನೆಕಾಯಿ. ಕೆಲವು ಎಂದಿನಂತೆ ಗುಂಡಗೆ, ಹಸಿರು ಮೈಗೆ ಬಿಳಿ ಗೀರು, ತೊಟ್ಟಿನ ತುಂಬ ಮುಳ್ಳು. ಉಳಿದವು ಉದ್ದಕ್ಕೆ ಎಳೆದಂತೆ, ನೇರಳೆ ಬಣ್ಣ. ತೊಟ್ಟು ಬೋಳು.

ಜಗಲಿಯಲ್ಲಿದ್ದ ಅತ್ತೆ ಕೆರಿಯಮ್ಮ ಎದ್ದು ಬಂದು ಒಂದು ನೇರಳೆ ಕಾಯಿ ಕೈಗೆತ್ತಿಕೊಂಡರು.

“ಇದ್ಯಾರ ಮನೇದು?”

“ನಿಮ್ಮದೇ ಅಲ್ದಾ ಅಜ್ಜಿ?”

“ನನ್ನ ಬದನೇನ ಮುಳ್ಳು ಚುಚ್ಚಿಸ್ಕಳ್ದೆ ಕೊಯ್ದವ್ರಿಲ್ಲ. ಇದು ನಂದಲ್ಲ.”

ಪ್ರತಿಮಾ ಇನ್ನೊಂದು ನೇರಳೆ ಕಾಯಿ ತೆಗೆದು ಅದರ ಬೋಳು ತೊಟ್ಟು ಸವರಿ ನೋಡಿದಳು.

ಮುಳ್ಳು ಬದನೆಯ ಬೀಜವನ್ನು ಕೆರಿಯಮ್ಮ ಮದುವೆಯಾಗಿ ಬರುವಾಗ ಮಾಸ್ತಿಕಟ್ಟೆ ಕಡೆಯ ತವರಿನಿಂದ ಸೆರಗಿನ ಗಂಟಿನಲ್ಲಿ ತಂದಿದ್ದರು. ಆಮೇಲೆ ಡ್ಯಾಮಿನ ನೀರು ನಿಂತು ತವರೂರು ಮುಳುಗಿತು. ಬದನೆ ಉಳಿಯಿತು. ಪ್ರತಿವರ್ಷ ಒಳ್ಳೆಯ ಒಂದು ಕಾಯಿಗೆ ಹಳೇ ಸೀರೆಯ ಚಿಂದಿ ಕಟ್ಟುತ್ತಿದ್ದರು. ಚಿಂದಿ ಕಟ್ಟಿದ್ದು ಬೀಜದ ಕಾಯಿ, ಮಕ್ಕಳೂ ಮುಟ್ಟುವುದಿಲ್ಲ. ಅದು ಹಣ್ಣಾದ ಮೇಲೆ ಬೀಜ ತೊಳೆದು, ಬೂದಿ ಬೆರೆಸಿ, ಕೇಳಿದವರಿಗೆಲ್ಲ ಕೊಡುವುದು. ಬೀಜ ಮಾರಬಾರದು, ಕೊಟ್ಟಷ್ಟೂ ಉಳಿಯುತ್ತದೆ ಎಂಬುದು ಆ ಮನೆಯ ನಂಬಿಕೆ.

ಹೋದ ವರ್ಷ ಪ್ರತಿಮಾ ಸಾಗರದ ಸಂತೆಯಲ್ಲಿ ಹೆಸರು, ವಿಳಾಸ ಯಾವುದೂ ಇಲ್ಲದ ಒಂದು ಪ್ಯಾಕೆಟ್ ಬೀಜ ತಂದಿದ್ದಳು. “ಹುಳ ಬೀಳಲ್ಲಕ್ಕಾ, ಬದನೆಯೊಳಗೇ ಔಷಧಿ ಇದೆ. ಹೊಸ ಕುಲಾಂತರಿ ತಳಿ” ಎಂದು ಬೈಕಿನಲ್ಲಿ ಬಂದವನು ಪಿಸುಗುಟ್ಟಿದ್ದ. ಅರ್ಧಕ್ಕರ್ಧ ತೂತು ಬಿದ್ದ ಕಾಯಿಗಳನ್ನು ದನಕ್ಕೆ ಹಾಕಿ ಹಾಕಿ ಅವಳಿಗೂ ಸಾಕಾಗಿತ್ತು. ಅತ್ತೆಯ ಗಿಡಗಳ ಪಕ್ಕದಲ್ಲೇ ಒಂದು ಸಾಲು ಹಾಕಿದಳು. ಚಿಂದಿ ಮಾತ್ರ ಅತ್ತೆಯ ಗಿಡದ ಕಾಯಿಗೇ ಕಟ್ಟಿದಳು. ಅಷ್ಟು ಮಾಡಿದರೆ ಸಾಕು ಎಂದುಕೊಂಡಳು. ಆ ಚಿಂದಿ ಕಟ್ಟಿದ ಕಾಯಿಯ ಬೀಜವನ್ನು ಮಗಳು ಸಮೀಕ್ಷಾ ಪೊಟ್ಟಣ ಕಟ್ಟಿಕೊಂಡು ಕೇರಿಯ ಮನೆಮನೆಗೆ ಕುಣಿಯುತ್ತ ಹಂಚಿ ಬಂದಿದ್ದಳು.

ಮಧ್ಯಾಹ್ನ ತೀರ್ಥಹಳ್ಳಿಯಿಂದ ಹರಿಪ್ರಿಯಾ ಬಂದಳು. ಪ್ರತಿಮಾಳ ಹೈಸ್ಕೂಲ್ ಗೆಳತಿ, ಕೃಷಿ ಓದಿದವಳು. ಸಂಜೆ ಅವಳಿಗೆ ನಿಟ್ಟೂರಿನ ಸ್ತ್ರೀಶಕ್ತಿ ಸಂಘದಲ್ಲಿ ಮಾತಾಡಲಿಕ್ಕಿತ್ತು. ಕಾಯಿ ನೋಡಿ, ಪ್ಯಾಕೆಟ್ಟಿನ ಕಥೆ ಕೇಳಿ ಅವಳ ಮುಖ ಚಿಕ್ಕದಾಯಿತು.

“ಚಿಂದಿ ಕಟ್ಟಿದ್ದು ಕಾಯಿಗೆ. ಹೂವಿಗೆ ಬರೋ ಜೇನಿಗೆ ಯಾವ ಚಿಂದಿ ಕಟ್ತೀಯ ಪ್ರತಿಮಾ? ಆ ಸಾಲಿನ ಪರಾಗ ಈ ಸಾಲಿಗೆ ಬಂದಿದೆ.”

“ಹುಳ ಬೀಳದಿದ್ರೆ ಒಳ್ಳೇದೇ ಅಲ್ವೇನೆ? ಔಷಧಿ ಹೊಡೆಯೋದು ತಪ್ಪುತ್ತಲ್ಲ.”

“ಅದು ಸುಳ್ಳಲ್ಲ. ಆದ್ರೆ ಹುಳನೂ ಕಲೀತದೆ. ಹತ್ತಿ ಬೆಳೆಯೋ ಕಡೆ ಮೊದಮೊದಲು ಹುಳ ಕಡಿಮೆ ಆಯ್ತು, ಆಮೇಲೆ ಒಂದು ಜಾತಿ ಹುಳ ಅದನ್ನೇ ತಿಂದು ಜೀರ್ಣಿಸ್ಕಂಡು ವಾಪಸ್ ಬಂತು.”

“ತಿಂದವರಿಗೆ ಏನಾದ್ರೂ…?” ಮಾತು ಕೇಳಿ ಬೇಲಿ ದಾಟಿ ಬಂದಿದ್ದ ರಕ್ಷಾ ಹೊಟ್ಟೆ ಮುಟ್ಟಿಕೊಂಡಳು. “ನಿನ್ನೆ ಪಲ್ಯ ಮಾಡಿ ಉಂಡಾಯ್ತು ನಾನು.”

“ಹೆದರಬೇಡಿ. ತಿಂದ್ರೆ ರೋಗ ಬರುತ್ತೆ ಅಂತ ನಾನು ಹೇಳಲ್ಲ. ಆದ್ರೆ ನಮ್ಮ ದೇಶದಲ್ಲಿ ಕುಲಾಂತರಿ ಬದನೆ ಬೆಳೆದು ಮಾರಕ್ಕೆ ಇನ್ನೂ ಒಪ್ಪಿಗೆ ಇಲ್ಲ. ಹೆಸರಿಲ್ಲದ ಪ್ಯಾಕೆಟ್ಟಿನೊಳಗೆ ಏನಿತ್ತೋ, ಯಾರು ಪರೀಕ್ಷೆ ಮಾಡಿದ್ರೋ, ಯಾರನ್ನ ಕೇಳ್ತೀರಿ? ಕುಲಾಂತರಿ ಹೌದೋ ಅಲ್ವೋ ಅನ್ನೋದೂ ಲ್ಯಾಬಿಗೆ ಕಳಿಸ್ದೆ ಗೊತ್ತಾಗಲ್ಲ.”

“ಹಾಗಾದ್ರೆ ನೇರಳೆ ಗಿಡ ಕಿತ್ತು ಬಿಸಾಕ್ತೀನಿ. ಗುಂಡಂದು ಉಳಿಸ್ಕಂಡ್ರಾಯ್ತಲ್ಲ?” ಎಂದಳು ಪ್ರತಿಮಾ.

ಹರಿಪ್ರಿಯಾ ತಲೆ ಅಲ್ಲಾಡಿಸಿದಳು. “ಈ ಸಲ ಎಲ್ಲಾ ಒಟ್ಟಿಗೇ ಹೂ ಬಿಟ್ಟಿದಾವೆ. ಗುಂಡಗಿರೋದರ ಬೀಜದೊಳಗೂ ಏನು ಸೇರಿದೆಯೋ. ಮೇಲೆ ನೋಡಿ ಬೇರೆ ಮಾಡಕ್ಕೆ ಬರಲ್ಲ.”

ಪ್ರತಿಮಾ ಮಾಸ್ತಿಕಟ್ಟೆಯ ಚಿಕ್ಕತ್ತೆಗೆ ಫೋನ್ ಮಾಡಿದಳು. ಕೆರಿಯಮ್ಮನ ತಂಗಿ ಆಕೆ; ಹಳೇ ಬೀಜ ಅಲ್ಲಾದರೂ ಇರಬಹುದು.

“ಹಳೇದೆಲ್ಲಿ ಮಗಾ? ನೀನೇ ಹೊಸ ಬೀಜ ಕಳಿಸಿದ್ಯಲ್ಲೇ! ಡಬ್ಬಿಯಲ್ಲಿದ್ದಿದ್ದನ್ನ ಕೋಳಿಗೆ ಹಾಕಿ, ನಿಂದನ್ನೇ ಬಿತ್ತಿದೆ. ಚೆನ್ನಾಗಿ ಬಂದಿದೆ ಕಣೆ!”

ಫೋನ್ ಕೆಳಗಿಟ್ಟ ಪ್ರತಿಮಾಳಿಗೆ ಅತ್ತೆಯ ಮುಖ ನೋಡಲಾಗಲಿಲ್ಲ. ಕೆರಿಯಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮನೆ ಮುಳುಗಿದ್ದನ್ನ ದಡದಲ್ಲಿ ನಿಂತು ನೋಡಿದ್ದೆ,” ಎಂದರು. “ಇದು ಮುಳುಗಿದ್ದು ಗೊತ್ತೇ ಆಗ್ಲಿಲ್ಲ ನೋಡು.”

ಅಕ್ಕಂದಿರೇ, ತಂಗಿಯರೇ, ಪ್ರತಿಮಾ ಕೆಟ್ಟವಳಲ್ಲ. ನಮ್ಮ ನಿಮ್ಮ ಹಾಗೆ ಮನೆಯವರಿಗೆ ಹುಳವಿಲ್ಲದ ಕಾಯಿ ಬೇಯಿಸಿ ಹಾಕಲು ಹೊರಟವಳು. ಕೆಟ್ಟ ಅನ್ನವನ್ನು ದನಕ್ಕೆ ಹಾಕಬಹುದು. ಬೆರೆತ ಬೀಜವನ್ನು ಊರಿನಿಂದ ಹಿಂದಕ್ಕೆ ಕರೆಯಲಾಗುವುದಿಲ್ಲ. ಅದಕ್ಕೇ ಹೆಸರು, ವಿಳಾಸ, ರಸೀದಿ ಇಲ್ಲದ ಬೀಜವನ್ನು ಮನೆಯೊಳಗೆ ತರಬೇಡಿ. ಅನುಮಾನ ಬಂದರೆ ಬಿತ್ತುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹೊಸ ತಳಿಯನ್ನು ಬೀಜದ ಗಿಡದ ಹತ್ತಿರ ಹಾಕಬೇಡಿ. ಹಳೆಯ ಬೀಜ ಒಂದು ಹಿಡಿಯಾದರೂ ಡಬ್ಬಿಯಲ್ಲಿ ಬೇರೆಯೇ ಇರಲಿ. ಹೊಸದು ಬಂತೆಂದು ಕೋಳಿಗೆ ಸುರಿಯಬೇಡಿ.

ಸಂಜೆ ಸಂಘದಲ್ಲಿ ಹರಿಪ್ರಿಯಾ ಇದನ್ನೆಲ್ಲ ಹೇಳಿದಳು, ಯಾರ ಹೆಸರನ್ನೂ ಎತ್ತದೆ. ಹೆಂಗಸರು ಕೇಳಿಸಿಕೊಂಡರು. “ಅಯ್ಯೋ, ಯಾರ ಮನೆ ಕಥೆಯೋ ಪಾಪ” ಎಂದರು. ಅವರಲ್ಲಿ ಹೆಚ್ಚಿನವರ ಹಿತ್ತಲಲ್ಲಿ ಪ್ರತಿಮಾ ಕೊಟ್ಟ ಬೀಜವೇ ಬೆಳೆದು ನಿಂತಿತ್ತು. ಪ್ರತಿಮಾ ಎರಡು ಸಲ ಎದ್ದಳು, ಎರಡು ಸಲವೂ ಸೆರಗು ಸರಿಮಾಡಿಕೊಂಡು ಕುಳಿತಳು. ಹೇಳಿದರೆ ಇನ್ನು ತನ್ನ ಕೈಯಿಂದ ಯಾರು ಬೀಜ ತೆಗೆದುಕೊಂಡಾರು?

ಮಧ್ಯಾಹ್ನದ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಸಮೀಕ್ಷಾ ಅಮ್ಮನ ಕೈ ಬಿಡಿಸಿಕೊಂಡು ಎದ್ದು ನಿಂತಳು. ಪೊಟ್ಟಣ ಕೊಟ್ಟ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

“ನಾನು ಹಂಚಿದ್ದು ಬೆರಕೆ ಬೀಜ ಅಂತೆ. ಅದಕ್ಕಿಂತ ಮುಂಚೆ ಅಜ್ಜಿ ಕೊಟ್ಟಿದ್ದರಲ್ಲ, ಆ ಬದನೆ ಬೀಜ… ಯಾರ ಮನೇಲಾದ್ರೂ ಒಂದಾದ್ರೂ ಉಳಿದಿದ್ಯಾ?”