ಕಾಣದ ಗೆರೆಗೊಂದು ಗುರುತು

ಕುದುರೆಗಳಿಗೆ ಫ್ಲೂ ಬಂದಿದೆಯೇ ಎಂದು ಕಾಲು ಗಂಟೆಯಲ್ಲಿ ಹೇಳುವ ಹೊಸ ಪರೀಕ್ಷಾ ಪಟ್ಟಿಯನ್ನು ಎಷ್ಟು ನಂಬಬಹುದೆಂದು ನೋಡುವ ಕೆಲಸ ಪ್ರಯೋಗಾಲಯದ ಡಾಕ್ಟರಮ್ಮನ ಪಾಲಿಗೆ ಬಂತು. ಕುದುರೆಗಳ ಮೂಗಿನಿಂದ ತೆಗೆದ ಇನ್ನೂರು ಮಾದರಿಗಳು. ಪಟ್ಟಿಯ ಮೇಲೆ ಗೆರೆ ಮೂಡಿತೇ ಇಲ್ಲವೇ ಎಂದು ಮೊದಲು ಬರೆಯಬೇಕು. ಆಮೇಲಷ್ಟೇ ಪಿಸಿಆರ್ ಯಂತ್ರದ ಫಲಿತಾಂಶದೊಂದಿಗೆ ತಾಳೆ ನೋಡಬೇಕು.

ಮೂರನೆಯ ದಿನ ಒಂದು ಪಟ್ಟಿಯ ಮೇಲಿದ್ದದ್ದು ಗೆರೆಯೋ ಕಣ್ಣಿನ ಭ್ರಮೆಯೋ ತಿಳಿಯದೆ, ಅವಳು ಯಂತ್ರದ ಹಾಳೆಯನ್ನು ಇಣುಕಿ ನೋಡಿದಳು. ಪಾಸಿಟಿವ್ ಎಂದಿತ್ತು. ಕೂಡಲೇ ಗೆರೆ ಕಂಡಂತಾಯಿತು. ಆಮೇಲೆ ಅದೇ ರೂಢಿಯಾಯಿತು. ನೂರು ರೋಗಿ ಕುದುರೆಗಳಲ್ಲಿ ತೊಂಬತ್ತೆರಡನ್ನು ಪಟ್ಟಿ ಹಿಡಿಯುತ್ತದೆಂದು ವರದಿ ಹೊರಬಿತ್ತು. ಅಕ್ಕನ ಮನೆಯಲ್ಲಂತೂ ಭಾವ ಬಂದವರಿಗೆಲ್ಲ ಅದನ್ನು ಹೇಳಿದ್ದೇ ಹೇಳಿದ್ದು.

ಭಾವ ಸವಾರಿ ಶಾಲೆ ನಡೆಸುತ್ತಿದ್ದರು. ಚಳಿಗಾಲದಲ್ಲಿ ಅವರ ಲಾಯಕ್ಕೆ ಕೆಮ್ಮುವ ಹೊಸ ಕುದುರೆಯೊಂದು ಬಂತು. ಪಟ್ಟಿ ಹಾಕಿ ನೋಡಿದರು, ಗೆರೆಯಿಲ್ಲ. ಧೂಳಿನ ಕೆಮ್ಮೆಂದು ಉಳಿದವುಗಳ ಜೊತೆ ಕಟ್ಟಿದರು. ವಾರದೊಳಗೆ ಹದಿನಾಲ್ಕು ಕುದುರೆಗಳ ಮೂಗು ಸೋರತೊಡಗಿತು. ಎಷ್ಟೋ ಮಕ್ಕಳಿಗೆ ಸವಾರಿ ಕಲಿಸಿದ್ದ ಮುದಿ ಹೆಣ್ಣು ಕುದುರೆ ನ್ಯುಮೋನಿಯಾದಿಂದ ಸತ್ತಿತು.

ಅವಳು ಧಾವಿಸಿ ಹೋದಾಗ ಭಾವ ಸತ್ತ ಕುದುರೆಯ ಖಾಲಿ ಕೊಟ್ಟಿಗೆಯ ಹುಲ್ಲು ಗುಡಿಸುತ್ತಿದ್ದರು.

"ನಾನೇ ಕಡ್ಡಿ ಸರಿಯಾಗಿ ಮೂಗಿನೊಳಗೆ ಹಾಕ್ಲಿಲ್ಲ ಅನ್ಸುತ್ತೆ ಕಣಮ್ಮ. ನೀನು ಪರೀಕ್ಷೆ ಮಾಡಿದ ಪಟ್ಟಿ ತಪ್ಪು ಹೇಳುತ್ತಾ?"

ಅವಳ ಕಿವಿಯವರೆಗೂ ಬಿಸಿಯೇರಿತು. ಉಳಿದವಕ್ಕೆ ಜ್ವರ ಎಷ್ಟಿದೆ ಎಂದಷ್ಟೇ ಕೇಳಿ ಹಿಂತಿರುಗಿದಳು.

ಎರಡು ದಿನ ಕಳೆಯಿತು. ಕೊನೆಗೆ ಪರೀಕ್ಷೆಯ ದಿನಗಳಲ್ಲಿ ತೆಗೆದಿಟ್ಟಿದ್ದ ಪಟ್ಟಿಗಳ ಫೋಟೋಗಳನ್ನು ಮುಂದಿಟ್ಟುಕೊಂಡು, ಯಂತ್ರದ ಹಾಳೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಎಲ್ಲವನ್ನೂ ಹೊಸದಾಗಿ ಓದಿ, ಆಮೇಲೆ ತಾಳೆ ನೋಡಿದಳು. ತೊಂಬತ್ತೆರಡಲ್ಲ, ಅರವತ್ತನಾಲ್ಕು. ಅದನ್ನು ಹಿರಿಯ ಅಧಿಕಾರಿಯ ಮುಂದಿಟ್ಟಳು. ಗೊತ್ತಿದ್ದೂ ಮಾಡಿದಿರಾ ಎಂದು ಅವರು ಕೇಳಿದರು.

"ಮೊದಲ ಸಲ ಗೊತ್ತಾಗ್ಲಿಲ್ಲ ಸಾರ್. ಆಮೇಲೆ ಗೊತ್ತಿತ್ತು."

ವರದಿ ವಾಪಸಾಯಿತು, ಲಾಯಗಳಿಗೆಲ್ಲ ಪತ್ರ ಹೋಯಿತು, ಆ ಕೆಲಸ ಅವಳ ಕೈತಪ್ಪಿತು. ಅದೆಲ್ಲ ಹಗುರವೇ. ಭಾವನಿಗೆ ಹೇಳುವುದೇ ಕಷ್ಟವಾಗಿತ್ತು. ಲಾಯಕ್ಕೆ ಹೋಗಿ, ತಡವರಿಸುತ್ತ ಹೇಳಿ ಮುಗಿಸಿದಳು. ಅವರು ಕೈಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದರು.

"ಕುದುರೆ ಹೋಗಿದ್ದಕ್ಕಲ್ಲ ನನಗೆ ಬೇಜಾರು. ಅವತ್ತು ನನ್ನನ್ನ ನಾನೇ ಬೈಕೊಳ್ತಿದ್ದಾಗ ನೀನು ಎದುರಿಗೇ ನಿಂತಿದ್ದೆ."

ಭಾವ ಒಳಗೆ ಹೋದರು. ಅವಳು ಬಕೆಟ್ಟಿನಲ್ಲಿ ಬಿಸಿನೀರು ತಂದು, ಬಟ್ಟೆ ಅದ್ದಿ, ಉಳಿದ ಹದಿಮೂರು ಕುದುರೆಗಳ ಮೂಗನ್ನು ಒಂದೊಂದಾಗಿ ಒರೆಸತೊಡಗಿದಳು. ಬೇಡವೆಂದು ಯಾರೂ ಹೇಳಲಿಲ್ಲ, ಸಾಕೆಂದೂ ಹೇಳಲಿಲ್ಲ.