ಅಂಚಿನ ಗಂಟುಗಳು

ಹಸೀನಾಬಿ ಪೆಟ್ಟಿಗೆಯ ಚಿಲಕಕ್ಕೆ ಕೈ ಹಾಕಿದ್ದೇ ತಡ, ಕೈನಾತ ಅಡ್ಡ ಬಂದು ನಿಂತಳು.

"ಚಾದರ ಇದರಾಗ ಐತೇನ ಬೇಟಾ? ಜಲ್ದಿ ತಗೀ. ನಿಮ್ಮತ್ತೆಗೆ ಸ್ನಾನ ಮಾಡಿಸಿದ್ದಾತು, ಗಂಡಸರು ಜನಾಜಾ ಎತ್ತಾಕ ಹೊರಗ ಕಾಯಾಕತ್ಯಾರ."

"ಖಾಲಾ, ಪ್ಯಾಟ್ಯಾಗಿಂದ ಹೊಸಾದು ತರಿಸೂಣಲ್ರಿ?"

"ಹುಚ್ಚಿ ಏನ ನೀ? ನನ್ನ ಜನಾಜಾದ ಮ್ಯಾಲೆ ಮನ್ಯಾಗ ಹೆಣೆದದ್ದನ್ನ ಹೊಚ್ಚರಿ ಅಂತ ಸುಗ್ರಾ ಎಷ್ಟ ಸಲ ಹೇಳಿಲ್ಲ?"

ಹೇಳಿದ್ದು ನಿಜ. ಲಕ್ಷ್ಮೇಶ್ವರದಿಂದ ಶಿರಹಟ್ಟಿಯವರೆಗೆ ಯಾರ ಮನೆಯ ಮದುವೆಯಿದ್ದರೂ ತಟ್ಟೆಗೆ ಮುಚ್ಚುವ, ಕೊಕ್ಕೆಕಡ್ಡಿಯಲ್ಲಿ ಹೆಣೆದ ಕ್ರೋಶಾ ರುಮಾಲು ಸುಗ್ರಾಬಿಯ ಕೈಯದೇ ಆಗಬೇಕಿತ್ತು. ಅವಳ ಅಂಚೆಂದರೆ ಪಟ್ಟಿ ಹಿಡಿದು ಗೆರೆ ಎಳೆದಂತೆ. ಈ ಚಾದರ ಮಾತ್ರ ಅವಳದಲ್ಲ, ಸೊಸೆ ಕೈನಾತಳದು. ಅದು ತನಗೊಬ್ಬಳಿಗೇ ಗೊತ್ತೆಂದು ಕೈನಾತ ತಿಳಿದಿದ್ದಳು. ಹಸೀನಾಬಿಗೆ ತಂಗಿ ಸುಗ್ರಾಬಿಯ ಕೈಗೆಲಸ ಅಂಗೈ ಗೆರೆಯಷ್ಟು ಪರಿಚಿತ, ನಾಲಿಗೆಯೋ ಕತ್ತರಿ. ತುಂಬಿದ ಮನೆಯಲ್ಲಿ ಈಗ ತನ್ನ ಮಾನ ಹೋಗುತ್ತದೆಂದುಕೊಂಡಳು ಕೈನಾತ.

*

ಸುಗ್ರಾಬಿಯ ಕಣ್ಣಿಗೆ ಪೊರೆ ಬಂದಾಗ ಚಾದರ ನಾಲ್ಕು ಬೆರಳಷ್ಟೇ ಆಗಿತ್ತು. ಕಡ್ಡಿಯನ್ನು ಸೊಸೆಯ ಕೈಗಿಟ್ಟು ಹೇಳಿದಳು: "ಸಾಲು ತಿರುಗಿಸೋ ಮುಂದ ಕಡೀ ಕುಣಿಕಿ ಕಣ್ಣಿಗೆ ಬೀಳೂದಿಲ್ಲ, ಅಡಗಿ ಕುಂತಿರತೈತಿ. ಅದನ್ನ ಬಿಟ್ಟಿ ಅಂದ್ರ ಅಂಚು ಸೊಟ್ಟ. ಎಣಿಸಿ ತಿರುಗು."

ಕೈನಾತ ಎಣಿಸಿದಳು, ಮರೆತಳು. ಬಟ್ಟೆ ಕಿರಿದಾಗುತ್ತ ಬಂತು. ಹೆದರಿ ಎರಡು ಕುಣಿಕೆ ಹೆಚ್ಚು ಹಾಕಿದರೆ ಅಂಚು ಹೊರಕ್ಕೆ ಉಬ್ಬಿ ನಿಂತಿತು.

ದಿನಾ ಸಂಜೆ ಸುಗ್ರಾಬಿಯದು ಒಂದೇ ಪ್ರಶ್ನೆ. "ಅಂಚು ಸೀದಾ ಐತೇನವಾ?"

"ಸೀದಾ ಐತ್ರಿ, ಅಮ್ಮಾ."

"ಶಾಬಾಸ್."

ನಿನ್ನೆ ಬೆಳಿಗ್ಗೆ ಕೊನೆಯ ಸಾಲು ಮುಗಿಯಿತು. ಮಧ್ಯಾಹ್ನ ಸುಗ್ರಾಬಿ ಕಣ್ಣು ಮುಚ್ಚಿದಳು. ಅಳುವುದಕ್ಕೂ ಮೊದಲು ಕೈನಾತ ಚಾದರವನ್ನು ಪೆಟ್ಟಿಗೆಯ ತಳಕ್ಕೆ ತುರುಕಿದ್ದಳು.

*

ಹಸೀನಾಬಿ ಪೆಟ್ಟಿಗೆಯ ತಳದಿಂದ ಚಾದರ ಎಳೆದು ಬಿಡಿಸಿದಳು. ಅಂಚು ಹಾವಿನಂತೆ ಹೊರಳಿತ್ತು. ಹೆಂಗಸರು ಕತ್ತು ಚಾಚಿ ನೋಡಿದರು.

"ಇದು ನಮ್ಮ ಸುಗ್ರಾನ ಕೈ ಅಲ್ಲ."

"ನನ್ನದ್ರಿ ಖಾಲಾ," ಎಂದಳು ಕೈನಾತ. "ದಿನಾ ಸೀದಾ ಐತಿ ಅಂತ ಸುಳ್ಳ ಹೇಳೀನಿ."

ಹಸೀನಾಬಿ ಬೈಯಲಿಲ್ಲ. ಅವಳ ಬೆರಳು ಅಂಚಿನ ಹಿಂಬದಿಯಲ್ಲಿ ತಡೆಯಿತು, ಮುಂದೆ ಸರಿದು ಮತ್ತೆ ತಡೆಯಿತು. "ಇವೇನಿವು, ಗಂಟು?"

ಬಿಳಿ ದಾರದ ಮೇಲೆ ಬಿಳಿ ಗಂಟುಗಳು, ಎಳ್ಳಿನಷ್ಟು ಸಣ್ಣವು. ಕೈನಾತ ಒಂದನ್ನೂ ನೋಡಿರಲಿಲ್ಲ.

ಪಕ್ಕದ ಮನೆಯ ನೀಲಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವು ಸುಗ್ರಾಬೀವು. ಈಕಿ ನಳದ ನೀರಿಗೆ ಹೋದಾಗ ನನ್ನ ಕಡಿಂದ ದಾರ ಕತ್ತರಿಸಿ ಇಸ್ಕೊಂತಿದ್ಲು. ಕುಣಿಕಿ ಎಲ್ಲಿ ತಪ್ಪೇತಿ ಅಂತ ಬೆರಳಲೆ ಹುಡುಕಿ ಒಂದೊಂದು ಗಂಟು ಹಾಕತಿದ್ಲು. 'ಬಿಚ್ಚಿಸಬಾರದೇನ' ಅಂದ್ನಿ. 'ಬಿಚ್ಚಿಸಿದ್ರ ಅಂಜಿ ಕಡ್ಡೀನ ಬಿಡತೈತಿ ಹುಡುಗಿ. ಇರ್ಲಿ, ಒಂದಿನ ಅಕೀ ಬೆರಳಿಗೇ ಹತ್ತತಾವು' ಅಂದ್ಲು."

ಕೈನಾತಳಿಗೆ ಭಯ ಹೋಗಿ ಸಂಕಟ ಹತ್ತಿತು. ಎಲ್ಲಾ ಗೊತ್ತಿದ್ದೂ ಅತ್ತೆ ದಿನಾ ಸಂಜೆ ಕೇಳುತ್ತಿದ್ದಳು! ಒಂದು ಸಂಜೆಯಾದರೂ ಖರೆ ಹೇಳಬಹುದಿತ್ತು. ಇನ್ನು ಯಾರಿಗೆ ಹೇಳುವುದು?

"ಹೊಚ್ಚರಿ ಇದನ್ನ," ಎಂದಳು ಹಸೀನಾಬಿ. ಸೊಟ್ಟ ಅಂಚಿನ ಚಾದರ ಹೊದ್ದು ಸುಗ್ರಾಬಿ ನಾಲ್ವರ ಹೆಗಲೇರಿ ಹೋದಳು.

ಮಣ್ಣು ಮುಗಿಸಿ ಬಂದ ಮಗ ಇಜಾಜ, ವಾಡಿಕೆಯಂತೆ, ಜನಾಜಾದ ಮೇಲಿನ ಚಾದರವನ್ನು ಮಡಚಿ ತಂದು ಹೆಂಡತಿಯ ಕೈಗೆ ಕೊಟ್ಟ. ಕೈನಾತ ಅತ್ತೆ ಕೂರುತ್ತಿದ್ದ ಕಂಬದ ಬುಡದಲ್ಲಿ ಕೂತು ಅಂಚನ್ನು ಬೆರಳಿನಿಂದ ಸವರುತ್ತ ಹೋದಳು. ಗಂಟು, ಗಂಟು, ಮತ್ತೊಂದು ಗಂಟು. ನಿನ್ನೆಯ ಸಾಲಿಗೆ ಬಂದಾಗ ಏನೂ ಸಿಗಲಿಲ್ಲ. ಅದನ್ನು ತಡವಿ ನೋಡುವವರು ಉಳಿದಿರಲಿಲ್ಲ.

ಅವಳು ಕಣ್ಣು ಮುಚ್ಚಿದಳು. ಬೆರಳಿನಿಂದ ಸಾಲಿನ ತುದಿಯನ್ನು ಹುಡುಕಿದಳು. ಕಡೇ ಕುಣಿಕೆ ತಪ್ಪಿತ್ತು. ಕಣ್ಣು ತೆರೆಯದೆಯೇ, ಕಂಬದ ಪಕ್ಕದ ಉಂಡೆಯಿಂದ ಒಂದು ತುಂಡು ಬಿಳಿ ದಾರವನ್ನು ಹಲ್ಲಲ್ಲಿ ಕಡಿದು, ಅಲ್ಲಿ ಗಂಟು ಹಾಕತೊಡಗಿದಳು.